ಓಲೆ ಕಳಚಿದ ಕಿವಿ: ವಜ್ರಾಭರಣದ ಆಯ್ಕೆಯ ಕುರಿತು ಒಂದು ಜಿಜ್ಞಾಸೆ

ತುಮಕೂರು ನಗರದ ಉಪ್ಪಾರಹಳ್ಳಿಯಲ್ಲಿರುವ ನಮ್ಮ ಅಣ್ಣನ ಮನೆಯಲ್ಲಿ ಕಳೆದ ಮಾಘಮಾಸದಲ್ಲಿ ನಡೆದ ಒಂದು ಮಾತುಕತೆ ಈ ಲೇಖನಕ್ಕೆ ಕಾರಣ. ಅಣ್ಣನ ಮೊಮ್ಮಗಳಿಗೆ ವಿವಾಹ ನಿಶ್ಚಯವಾಗಿತ್ತು. ಆಕೆ ಕನ್ನಡ ಎಂ.ಎ. ವಿದ್ಯಾರ್ಥಿನಿ, ಹಳಗನ್ನಡದಲ್ಲಿ ಅಕ್ಕರೆಯುಳ್ಳವಳು. ಮದುವೆಗೆಂದು ವಜ್ರದ ಒಂಟಿಕಲ್ಲಿನ ಓಲೆಯನ್ನು ಕೊಳ್ಳುವುದೆಂದು ಹಿರಿಯರು ತೀರ್ಮಾನಿಸಿದ್ದರು. ಅಂಗಡಿಯಿಂದ ತಂದಿದ್ದ ಚಿತ್ರಪುಸ್ತಕವನ್ನು ನನ್ನ ಮುಂದಿಟ್ಟು ಆಕೆ, “ತಾತ, ಇದನ್ನೆಲ್ಲ ಕ್ಲಾಸಿಕ್ ಅಂತ ಕರೀತಾರೆ. ನೀವು ಶಾಸ್ತ್ರ ಓದಿದವರು. ಯಾವುದು ಕ್ಲಾಸಿಕ್, ಯಾಕೆ ಕ್ಲಾಸಿಕ್, ನೀವೇ ಹೇಳಿ” ಎಂದಳು.

ಪ್ರಶ್ನೆ ಹಗುರವಾಗಿ ಬಂದಿತ್ತು. ಆದರೆ ಅದರ ಹಿಂದೆ ಭಾರವಾದ ಇನ್ನೊಂದು ಪ್ರಶ್ನೆಯಿತ್ತು. ಅತ್ತಿಗೆಯವರ ಏಳುಕಲ್ಲಿನ ಬೆಂಡೋಲೆಯೊಂದು ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಅಣ್ಣ ತೀರಿಕೊಂಡು 19 ವರ್ಷವಾಗಿದೆ. ಅಂದು ಕಿವಿಯಿಂದ ಕಳಚಿದ್ದು ಮತ್ತೆ ಹೊರಬಂದಿರಲಿಲ್ಲ. ಅದನ್ನು ಅಂಗಡಿಗೆ ಕೊಟ್ಟು ವಿನಿಮಯದಲ್ಲಿ ಹೊಸ ಓಲೆ ತರುವುದು ಮನೆಯವರ ಯೋಜನೆ. “ಅಜ್ಜಿ ಹೇಗೂ ಹಾಕಿಕೊಳ್ಳುವುದಿಲ್ಲವಲ್ಲ” ಎಂಬುದು ಎಲ್ಲರ ಬಾಯಲ್ಲಿದ್ದ ಸಮರ್ಥನೆ. ಅತ್ತಿಗೆಯವರು ಒಳಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದರು, ಏನೂ ಹೇಳಲಿಲ್ಲ. ಅವರನ್ನು ಯಾರೂ ಕೇಳಲೂ ಇಲ್ಲ, ನಾನೂ ಕೇಳಲಿಲ್ಲ.

ಆ ದಿನ ಮೊಮ್ಮಗಳಿಗೆ ಅರೆಬರೆ ಉತ್ತರ ಕೊಟ್ಟು ಬಂದೆ. ಈಗ ಕ್ರಮವಾಗಿ ಹೇಳಲು ಯತ್ನಿಸುತ್ತೇನೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಒಡವೆಯ ವಿಚಾರ ಅನ್ಯವೆನಿಸಬಹುದು. ಆದರೆ ಆಭರಣದ ಹೆಸರುಗಳನ್ನೆಲ್ಲ “ಕಿವಿಯ ಆಭರಣ” ಎಂಬ ಒಂದೇ ಅರ್ಥಕೊಟ್ಟು ದಾಟುವ ನಮ್ಮ ವ್ಯಾಖ್ಯಾನಪದ್ಧತಿ ಎಷ್ಟನ್ನು ಕಳೆದುಕೊಂಡಿದೆ ಎಂಬುದು ಮುಂದಿನ ಮಾತುಗಳಿಂದ ಸ್ಪಷ್ಟವಾದೀತು.

ಓಲೆ ಎಂಬ ಪದ

ಕನ್ನಡದಲ್ಲಿ ‘ಓಲೆ’ ಎಂಬ ಪದಕ್ಕೆ ಮೂರು ಅರ್ಥಗಳು ಒಟ್ಟಿಗೆ ಬದುಕಿವೆ: ತಾಳೆಯ ಗರಿ, ಬರೆದ ಪತ್ರ ಮತ್ತು ಕಿವಿಯ ಆಭರಣ. ಮದುವೆಯ ಕರೆಯೋಲೆಯೂ ಓಲೆಯೇ, ಆ ಮದುವೆಯಲ್ಲಿ ಮದುಮಗಳು ತೊಡುವುದೂ ಓಲೆಯೇ. ತಮಿಳಿನ ಓಲೈ, ಮಲಯಾಳದ ಓಲ ಇದೇ ಪದದ ಸೋದರರು. ಗರಿಯೇ ಮೂಲ, ಉಳಿದೆರಡು ಅದರ ಬಳಕೆಯಿಂದ ಹುಟ್ಟಿದವು. ತಾಳೆಗರಿಯ ಪಟ್ಟಿಯನ್ನು ಬಿಗಿಯಾಗಿ ಸುರುಳಿ ಸುತ್ತಿ ಕಿವಿಯ ತೂತಿನಲ್ಲಿಟ್ಟರೆ ಅದು ತನ್ನ ಸೆಡೆತದಿಂದ ಮೆಲ್ಲಗೆ ಬಿಚ್ಚಿಕೊಳ್ಳುತ್ತ ತೂತನ್ನು ಹಿಗ್ಗಿಸುತ್ತದೆ. ದಕ್ಷಿಣ ಭಾರತದ ಹೆಂಗಸರು ಚಿನ್ನ ಕಾಣುವ ಮೊದಲು ತೊಟ್ಟದ್ದು ಇದನ್ನೇ.

ಸಂಸ್ಕೃತವೂ ಈ ನೆನಪನ್ನು ಉಳಿಸಿಕೊಂಡಿದೆ. ಅಮರಕೋಶವು ಕಿವಿಯ ಆಭರಣಗಳನ್ನು ಹೇಳುವಾಗ ಕರ್ಣಿಕೆ ಮತ್ತು ತಾಲಪತ್ರ ಎಂಬವನ್ನು ಪರ್ಯಾಯಪದಗಳಾಗಿ ಕೊಡುತ್ತದೆ. ಅಂದರೆ ಗ್ರಂಥ ಬರೆಯುವ ತಾಳೆಗರಿಗೂ ಕಿವಿಯ ಒಡವೆಗೂ ಅಲ್ಲಿಯೂ ಒಂದೇ ಹೆಸರು. ಇನ್ನು ನಮ್ಮ ‘ಬೆಂಡೋಲೆ’: ಬೆಂಡು ಎಂದರೆ ತೂಕವಿಲ್ಲದ, ಒಳಗೆ ಹುರುಳಿಲ್ಲದ ಕಡ್ಡಿ. ಇಂದು ಏಳು ವಜ್ರಗಳನ್ನು ಕೂರಿಸಿದ, ಮನೆಯ ಒಡವೆಗಳಲ್ಲೆಲ್ಲ ಬೆಲೆಬಾಳುವ ವಸ್ತುವಿಗೆ ಬೆಂಡಿನ ಹೆಸರು ಅಂಟಿಕೊಂಡಿರುವುದು ಭಾಷೆಯ ಒಂದು ಸೂಕ್ಷ್ಮ ವಿನೋದ. ವಸ್ತು ಬದಲಾಯಿತು, ಬೆಲೆ ಬದಲಾಯಿತು, ಹೆಸರು ಮಾತ್ರ ಹಳೆಯ ಬಡತನವನ್ನು ಮರೆಯಲಿಲ್ಲ.

ಹೀಗಾಗಿ ಕನ್ನಡದ ಹೆಣ್ಣುಮಗಳೊಬ್ಬಳು ‘ವಜ್ರದ ಓಲೆ’ ಎನ್ನುವಾಗ, ತಿಳಿದೋ ತಿಳಿಯದೆಯೋ, ‘ವಜ್ರದ ಎಲೆ’ ಎನ್ನುತ್ತಿದ್ದಾಳೆ. ಜಗತ್ತಿನ ಅತ್ಯಂತ ಕಠಿಣ ವಸ್ತುವನ್ನೂ ಒಣಗಿ ಹರಿಯುವ ಗರಿಯನ್ನೂ ಒಂದೇ ಸಮಾಸದಲ್ಲಿ ಕೂಡಿಸಿದ್ದೇವೆ.

‘ಕ್ಲಾಸಿಕ್’ ಎಂಬುದರ ಪರೀಕ್ಷೆ

ಅಂಗಡಿಯವರು ‘ಕ್ಲಾಸಿಕ್’ ಎನ್ನುವುದು ದುಂಡಗೆ ಸಾಣೆಹಿಡಿದ ಒಂಟಿ ವಜ್ರವನ್ನು ನಾಲ್ಕು ಮುಳ್ಳುಗಳಲ್ಲಿ ಹಿಡಿಸಿದ ಓಲೆಗೆ. ನಾವು ಕನ್ನಡಕ್ಕೆ 2008ರಲ್ಲಿ ದೊರೆತ ‘ಶಾಸ್ತ್ರೀಯ ಭಾಷೆ’ಯ ಸ್ಥಾನದ ಬಗ್ಗೆ ಮಾತನಾಡುವಾಗ ಸಾವಿರ, ಒಂದೂವರೆ ಸಾವಿರ ವರ್ಷಗಳ ಲೆಕ್ಕ ಹಿಡಿಯುತ್ತೇವೆ. ಆ ಅಳತೆಯಲ್ಲಿ ಈ ಓಲೆ ಎಳೆಯ ಕೂಸು. ದುಂಡುವಜ್ರದ ಮುಖಗಳು ಯಾವ ಕೋನದಲ್ಲಿದ್ದರೆ ಬೆಳಕು ಹಿಂದಿನಿಂದ ಸೋರದೆ ಮುಂದಕ್ಕೇ ಮರಳುತ್ತದೆ ಎಂಬ ಗಣಿತವನ್ನು ಮಾರ್ಸೆಲ್ ಟೋಲ್ಕೋವ್‌ಸ್ಕಿ ಪ್ರಕಟಿಸಿದ್ದು 1919ರಲ್ಲಿ. ಇಂದಿನ 57 ಅಥವಾ 58 ಮುಖಗಳ ದುಂಡುವಜ್ರ ನೆಲೆಗೊಂಡದ್ದು ಆ ಲೆಕ್ಕಾಚಾರದ ಆಧಾರದ ಮೇಲೆ.

ನಮ್ಮ ಪ್ರಾಚೀನ ರತ್ನಶಾಸ್ತ್ರದ ದೃಷ್ಟಿ ಬೇರೆ. ಕೌಟಿಲ್ಯನ ಅರ್ಥಶಾಸ್ತ್ರ, ವರಾಹಮಿಹಿರನ ಬೃಹತ್ಸಂಹಿತೆ, ಬುದ್ಧಭಟ್ಟನ ರತ್ನಪರೀಕ್ಷೆ, ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸ, ಇವೆಲ್ಲವೂ ವಜ್ರದ ಗುಣದೋಷಗಳನ್ನು ಚರ್ಚಿಸುತ್ತವೆ. ಜೈನ ಶ್ರಾವಕನಾದ ಠಕ್ಕುರ ಫೇರು ದಿಲ್ಲಿಯಲ್ಲಿ ಅಲಾವುದ್ದೀನ್ ಖಿಲ್ಜಿಯ ಕಾಲದಲ್ಲಿ ಇದೇ ವಿಷಯವಾಗಿ ಪ್ರಾಕೃತದಲ್ಲಿ ಗ್ರಂಥ ಬರೆದನು. ಈ ಪರಂಪರೆ ಮೆಚ್ಚಿದ ಉತ್ತಮ ವಜ್ರ ಸಾಣೆಯ ಫಲವಲ್ಲ, ನೆಲದಲ್ಲಿ ಹುಟ್ಟಿದ ಹರಳು: ಆರು ಮೊನೆ, ಎಂಟು ಮುಖ, ಹನ್ನೆರಡು ಅಂಚು. ಇದು ಕವಿಯ ಅತಿಶಯೋಕ್ತಿಯಲ್ಲ, ಅಷ್ಟಮುಖಿ ಸ್ಫಟಿಕದ ಯಥಾರ್ಥ ಜ್ಯಾಮಿತಿ. ಅದೇ ಶಾಸ್ತ್ರ ವಜ್ರದ ಬಣ್ಣಗಳನ್ನು ನಾಲ್ಕು ವರ್ಣಗಳಿಗೆ ಹಂಚಿ ಯಾರು ಯಾವುದನ್ನು ಧರಿಸಬೇಕೆಂದೂ ವಿಧಿಸಿತು. ಜ್ಯಾಮಿತಿಯನ್ನು ಗೌರವಿಸುವ ನಾವು ಈ ವಿಧಿಯನ್ನು ಒಪ್ಪಬೇಕಾಗಿಲ್ಲ. ಶಾಸ್ತ್ರವನ್ನು ಓದುವುದೆಂದರೆ ಈ ವಿವೇಕವನ್ನು ಬಳಸುವುದೇ ಆಗಿದೆ.

ಹಾಗಾದರೆ ನಮ್ಮ ಮನೆಗಳ ವಜ್ರದ ಬೆಂಡೋಲೆ ಪ್ರಾಚೀನವೇ? ಇಲ್ಲಿಯೂ ಅಭಿಮಾನಕ್ಕೆ ಕಡಿವಾಣ ಬೇಕು. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ದೊರೆಯುವವರೆಗೆ ಜಗತ್ತಿಗೆ ವಜ್ರವೆಂದರೆ ಬಹುಮಟ್ಟಿಗೆ ಭಾರತವೇ. ಕೃಷ್ಣಾತೀರದ ಕೊಲ್ಲೂರಿನ ಗಣಿಗಳನ್ನು ಫ್ರೆಂಚ್ ವರ್ತಕ ತಾವೆರ್ನಿಯೆ 17ನೆಯ ಶತಮಾನದಲ್ಲಿ ಕಂಡು ವರ್ಣಿಸಿದ್ದಾನೆ. ಆದರೆ ಆ ಕಲ್ಲುಗಳು ಅರಸರ ಭಂಡಾರಕ್ಕೂ ದೊಡ್ಡ ವರ್ತಕರ ಗಂಟಿಗೂ ಸೇರಿದವೇ ಹೊರತು ಗುಬ್ಬಿ, ಕುಣಿಗಲ್ಲಿನ ಶಾನುಭೋಗರ ಮನೆಗೆ ಬಂದವಲ್ಲ. ದಕ್ಷಿಣ ಆಫ್ರಿಕದಲ್ಲಿ 1867ರಿಂದೀಚೆಗೆ ಗಣಿಗಳು ತೆರೆದುಕೊಂಡ ಮೇಲೆಯೇ ಮಧ್ಯಮವರ್ಗದ ಕಿವಿಗೆ ವಜ್ರ ನಿಲುಕಿದ್ದು. ಹಳೆಯ ತಲೆಮಾರಿನವರು ಹೆಮ್ಮೆಯಿಂದ ‘ಬ್ಲೂ ಜಾಗರ್’ ಎನ್ನುವ ನೀಲಿಛಾಯೆಯ ವಜ್ರದ ಹೆಸರಿನಲ್ಲಿ ಅಡಗಿರುವುದು ಅಲ್ಲಿನ ಯಾಗರ್ಸ್‌ಫಾಂಟೇನ್ ಎಂಬ ಗಣಿಯೂರು. ಅಜ್ಜಿಯ ಓಲೆ ಅಪ್ಪಟ ನಮ್ಮದು. ಅದರ ಕಲ್ಲು ಸಾಗರದಾಚೆಯದು.

ಆದುದರಿಂದ ‘ಕ್ಲಾಸಿಕ್’ ಎಂಬುದನ್ನು ಪ್ರಾಚೀನತೆಯಿಂದ ನಿರ್ಣಯಿಸಲಾಗದು. ನನ್ನ ಅಭಿಪ್ರಾಯದಲ್ಲಿ ಅಭಿಜಾತ ಕೃತಿಗೆ ಹೇಳುವ ಲಕ್ಷಣವೇ ಇಲ್ಲಿಯೂ ಸಲ್ಲುತ್ತದೆ: ತೊಟ್ಟವರು ಬದಲಾದರೂ, ಕಾಲ ಬದಲಾದರೂ, ಯಾವುದನ್ನು ಕಳಚಬೇಕಾದ ಕಾರಣ ಒದಗುವುದಿಲ್ಲವೋ ಅದು ಅಭಿಜಾತ. ಈ ಲಕ್ಷಣವನ್ನು ಮನಸ್ಸಿನಲ್ಲಿಟ್ಟು ಮುಂದಿನದನ್ನು ಓದಬೇಕೆಂದು ಕೋರುತ್ತೇನೆ.

ಕಲ್ಲಿನ ಲೆಕ್ಕ

ಮೊಮ್ಮಗಳು ಕೇಳಿದ್ದು ಆಯ್ಕೆಯ ಕ್ರಮವನ್ನು. ಅದನ್ನು ಹೇಳದೆ ತತ್ತ್ವಕ್ಕೆ ಹೋಗುವುದು ಉಚಿತವಲ್ಲ.

ಮೊದಲು ಒಂದು ಪದದ ಗೊಂದಲ. ಚಿನ್ನಕ್ಕೆ ಹೇಳುವ ‘ಕ್ಯಾರೆಟ್’ ಶುದ್ಧತೆಯ ಅಳತೆ: 24ರಲ್ಲಿ 22 ಭಾಗ ಎಂದರೆ ಶೇ. 91.6, 18 ಭಾಗ ಎಂದರೆ ಶೇ. 75. ಕಲ್ಲಿಗೆ ಹೇಳುವ ಕ್ಯಾರೆಟ್ ತೂಕದ ಅಳತೆ: 200 ಮಿಲಿಗ್ರಾಂ. ಎರಡರ ಮೂಲವೂ ಒಂದೇ, ಮೆಡಿಟರೇನಿಯನ್ ಕಡೆಯ ಕ್ಯಾರಬ್ ಮರದ ಬೀಜ. ನಮ್ಮಲ್ಲಿ ಗುಲಗಂಜಿ ಮಾಡಿದ ಕೆಲಸವನ್ನು ಅಲ್ಲಿ ಅದು ಮಾಡಿತು. ಕ್ಯಾರೆಟ್ಟಿನ ನೂರನೆಯ ಒಂದು ಭಾಗವೇ ಅಂಗಡಿಯವರ ‘ಸೆಂಟ್’.

ಎರಡನೆಯದಾಗಿ, ‘ಒಂದು ಕ್ಯಾರೆಟ್ ಓಲೆ’ ಎಂದರೆ ಎರಡೂ ಕಿವಿಯದು ಸೇರಿ ಒಂದೋ, ಪ್ರತಿಯೊಂದೂ ಒಂದೋ ಎಂದು ಕೇಳಿ ತಿಳಿಯಬೇಕು. ಕಲ್ಲು ದೊಡ್ಡದಾದಂತೆ ಅದರ ಪ್ರತಿ ಕ್ಯಾರೆಟ್ ಬೆಲೆಯೇ ಏರುವುದರಿಂದ ಈ ವ್ಯತ್ಯಾಸ ದುಪ್ಪಟ್ಟಿನಲ್ಲಿ ನಿಲ್ಲುವುದಿಲ್ಲ. ಒಂದೊಂದು ಕ್ಯಾರೆಟ್ಟಿನ ಜೋಡಿಯ ಬೆಲೆ ಅದೇ ಗುಣದ ಅರ್ಧರ್ಧ ಕ್ಯಾರೆಟ್ಟಿನ ಜೋಡಿಯ ಎರಡರಷ್ಟನ್ನು ಮೀರುತ್ತದೆ. ಆದರೆ ಕಣ್ಣಿಗೆ ಕಾಣುವುದು ತೂಕವಲ್ಲ, ಅಗಲ. ಒಂದು ಕ್ಯಾರೆಟ್ಟಿನ ದುಂಡುಕಲ್ಲಿನ ಅಡ್ಡಳತೆ ಸುಮಾರು 6.5 ಮಿಲಿಮೀಟರ್, ಅರ್ಧ ಕ್ಯಾರೆಟ್ಟಿನದು ಸುಮಾರು 5.1. ತೂಕ ಅರ್ಧವಾದರೂ ಅಗಲ ಐದನೆಯ ಒಂದು ಭಾಗದಷ್ಟು ಮಾತ್ರ ತಗ್ಗುತ್ತದೆ.

ಮೂರನೆಯದಾಗಿ ಗುಣ. ಇಂದಿನ ಪ್ರಮಾಣಪತ್ರಗಳು ಕಲ್ಲನ್ನು ತೂಕ, ಸಾಣೆ, ಬಣ್ಣ, ನಿರ್ಮಲತೆ ಎಂಬ ನಾಲ್ಕು ನೆಲೆಗಳಲ್ಲಿ ಅಳೆಯುತ್ತವೆ. ಬಣ್ಣಕ್ಕೆ ‘ಡಿ’ಯಿಂದ ‘ಝಡ್’ವರೆಗಿನ ಅಕ್ಷರಶ್ರೇಣಿ ಇದೆ. ಉಂಗುರವನ್ನು ತೊಟ್ಟವರೇ ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಾರೆ. ಓಲೆಯನ್ನು ಇತರರು ಎರಡು ಮೊಳದಾಚೆಯಿಂದ ನೋಡುತ್ತಾರೆ, ತೊಟ್ಟವರಂತೂ ಕನ್ನಡಿಯಿಲ್ಲದೆ ನೋಡಲಾರರು. ಆದುದರಿಂದ ಓಲೆಗೆ ಅತ್ಯುಚ್ಚ ಬಣ್ಣ, ಅತ್ಯುಚ್ಚ ನಿರ್ಮಲತೆಗೆ ಹಣ ಸುರಿಯುವುದು ಅನವಶ್ಯಕ. ‘ಜಿ’, ‘ಎಚ್’ ಬಣ್ಣ, ಬರಿಗಣ್ಣಿಗೆ ಕಲೆ ಕಾಣದಷ್ಟು ನಿರ್ಮಲತೆ ಸಾಕು. ಬಿಟ್ಟುಕೊಡಬಾರದ್ದು ಸಾಣೆಯನ್ನು ಮಾತ್ರ. ಕಲ್ಲು ಹೊಳೆಯುವುದು ಅದರಿಂದಲೇ. ಜೊತೆಗೆ ಎರಡು ಕಲ್ಲುಗಳೂ ಒಂದಕ್ಕೊಂದು ಹೊಂದಬೇಕು. ಒಂದೊಂದೇ ಉತ್ತಮವಾಗಿದ್ದು ಜೋಡಿಯಾಗದ ಕಲ್ಲುಗಳಿಗಿಂತ ಸಾಧಾರಣವಾಗಿದ್ದು ಜೋಡಿಯಾಗುವ ಕಲ್ಲುಗಳೇ ಮೇಲು.

ನಾಲ್ಕನೆಯದಾಗಿ ಕಟ್ಟು. ಮುಳ್ಳುಗಳ ಹಿಡಿತ ಬೆಳಕನ್ನು ಬಿಡುತ್ತದೆ, ಆದರೆ ಸೀರೆಗೂ ಕೂದಲಿಗೂ ಸಿಕ್ಕಿಕೊಂಡು ಸಡಿಲಗೊಳ್ಳುತ್ತದೆ; ಸುತ್ತ ಚಿನ್ನದ ಅಂಚು ಕಟ್ಟಿದರೆ ಕಲ್ಲು ಭದ್ರ. ನಿತ್ಯ ತೊಡುವವರಿಗೆ ಹಿಂಬದಿಯಲ್ಲಿ ತಿರುಪು ಇರುವ ಓಲೆ ಕ್ಷೇಮ. ಕಲ್ಲು ಹಿಡಿಯಲು 22ಕ್ಕಿಂತ ಗಟ್ಟಿಯಾದ 18 ಕ್ಯಾರೆಟ್ ಚಿನ್ನ ಮೇಲು. 2023ರ ಏಪ್ರಿಲ್‌ನಿಂದ ಆರು ಅಕ್ಷರಾಂಕಗಳ ಹಾಲ್‌ಮಾರ್ಕ್ ಗುರುತು ಕಡ್ಡಾಯವಾಗಿದೆ. ಅದನ್ನು ನೋಡಿಯೇ ಕೊಳ್ಳಬೇಕು. ‘ಅಮೆರಿಕನ್ ಡೈಮಂಡ್’ ಎನ್ನುವುದು ವಜ್ರವೇ ಅಲ್ಲ, ಜಿರ್ಕೋನಿಯ ಎಂಬ ಬೇರೆ ವಸ್ತು ಎಂಬುದನ್ನೂ ತಿಳಿದಿರಬೇಕು.

ಇನ್ನು ಹಳೆಯ ಬೆಂಡೋಲೆ. ನಡುವೆ ಒಂದು, ಸುತ್ತ ಆರು: ಸಮನಾದ ವೃತ್ತವೊಂದರ ಸುತ್ತ ಅದೇ ಅಳತೆಯ ಆರು ವೃತ್ತಗಳು ಎಡೆಯುಳಿಯದಂತೆ, ಇಟ್ಟಳವೂ ಆಗದಂತೆ ಕೂಡುತ್ತವೆ. ಏಳು ಎಂಬ ಸಂಖ್ಯೆ ಶಕುನದಿಂದ ಬಂತೆನ್ನುವುದಕ್ಕಿಂತ ಜ್ಯಾಮಿತಿಯಿಂದ ಬಂತೆನ್ನುವುದೇ ನನಗೆ ಸರಿತೋರುತ್ತದೆ. ಸಣ್ಣ ಕಲ್ಲುಗಳಿಂದ ದೊಡ್ಡ ಹೊಳಪನ್ನು ಕಡಿಮೆ ಬೆಲೆಗೆ ಪಡೆಯುವ ಗೃಹಸ್ಥಬುದ್ಧಿಯೂ ಅದರಲ್ಲಿದೆ. ಹಿಂಬದಿ ಮುಚ್ಚಿದ ಕಟ್ಟಿನೊಳಗೆ ನೀರು, ಎಣ್ಣೆ ಸೇರಿ ಹಳೆಯ ಕಲ್ಲುಗಳು ಮಂಕಾಗಿ ಕಾಣುತ್ತವೆ. ಅದು ಕಲ್ಲಿನ ದೋಷವಲ್ಲ, ತಜ್ಞ ಅಕ್ಕಸಾಲಿಗ ಬಿಚ್ಚಿ ಶುಚಿಗೊಳಿಸಿ ಮತ್ತೆ ಕಟ್ಟಬಲ್ಲ. ನಮ್ಮ ಮನೆಯವರು ವಿಚಾರಿಸಿದ ಅಂಗಡಿಯೊಂದರಲ್ಲಿ ಚಿನ್ನದ ತೂಕಕ್ಕೆ ಬೆಲೆ ಕಟ್ಟಿ, ಕಲ್ಲುಗಳು ಮಂಕಾಗಿವೆಯೆಂದು ಅವುಗಳಿಗೆ ಬಹುತೇಕ ಏನನ್ನೂ ಕೊಡಲಿಲ್ಲ. ಹದಿನಾಲ್ಕು ವಜ್ರಗಳು ಧೂಳಿನ ಬೆಲೆಗೆ ಹೋಗುವುದರಲ್ಲಿದ್ದವು. ಹಳೆಯ ಒಡವೆಯನ್ನು ವಿನಿಮಯಕ್ಕೆ ಕೊಡುವ ಮುನ್ನ ಕಲ್ಲುಗಳನ್ನು ಸ್ವತಂತ್ರವಾಗಿ ಪರೀಕ್ಷಿಸಿಕೊಳ್ಳಬೇಕು ಎಂಬುದು ನನ್ನ ಮೊದಲ ಒತ್ತಾಯದ ಮಾತು.

ಅಗೆಯುವ ಪಾಪ, ಅಳತೆಯ ವ್ರತ

ಜೈನ ಗೃಹಸ್ಥನಿಗೆ ಇನ್ನೊಂದು ಪರೀಕ್ಷೆಯಿದೆ. ಶ್ರಾವಕಾಚಾರದ ಗ್ರಂಥಗಳು ಹಿಂಸಾಬಹುಲವಾದ ಹದಿನೈದು ಜೀವನೋಪಾಯಗಳನ್ನು ವರ್ಜ್ಯವೆನ್ನುತ್ತವೆ. ಅವುಗಳಲ್ಲೊಂದು ಸ್ಫೋಟಕರ್ಮ, ಎಂದರೆ ನೆಲವನ್ನು ಅಗೆದು ಒಡೆಯುವ ವೃತ್ತಿ. ಪೃಥ್ವೀಕಾಯ ಜೀವಗಳನ್ನೂ ನೆಲದೊಳಗೆ ವಾಸಿಸುವ ಜೀವಗಳನ್ನೂ ಉದ್ದೇಶಿಸಿದ ವಿಧಿಯಿದು. ರತ್ನವ್ಯಾಪಾರದಲ್ಲಿ ಹಿಂಸೆ ಕಡಿಮೆಯೆಂದು ಅದನ್ನು ಕೈಕೊಂಡ ನಮ್ಮ ಸಮಾಜ, ಆ ರತ್ನ ಹೊರಬರುವ ಗಣಿಯನ್ನು ಮಾತ್ರ ನೋಡದಂತೆ ಮುಖ ತಿರುಗಿಸಿಕೊಂಡು ಬಂದಿದೆ. ಅಗೆಯಬಾರದು, ಅಗೆದದ್ದನ್ನು ತೊಡಬಹುದು ಎಂಬ ಈ ಹೊಂದಾಣಿಕೆ ವಿಚಾರವಂತರನ್ನು ಚುಚ್ಚಬೇಕು.

ಮೇಲೆ ಹೇಳಿದ ಯಾಗರ್ಸ್‌ಫಾಂಟೇನ್‌ನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಗಣಿತ್ಯಾಜ್ಯದ ಕಟ್ಟೆ ಒಡೆದು ಕೆಸರು ಊರಿನ ಮನೆಗಳ ಮೇಲೆ ನುಗ್ಗಿ ಪ್ರಾಣಹಾನಿಯಾಯಿತು. ನಮ್ಮ ಅಜ್ಜಿಯರ ಕಿವಿಯಲ್ಲಿ ನೀಲಿಯಾಗಿ ಹೊಳೆದದ್ದರ ಉಳಿಕೆ ಅಲ್ಲಿ ಬೂದುಬಣ್ಣದ ಕೆಸರಾಗಿ ಕಾದಿತ್ತು. ಅಂತರ್ಯುದ್ಧಗಳಿಗೆ ಹಣ ಒದಗಿಸುವ ವಜ್ರಗಳನ್ನು ತಡೆಯಲು 2003ರಲ್ಲಿ ಜಾರಿಗೆ ಬಂದ ಕಿಂಬರ್ಲಿ ವ್ಯವಸ್ಥೆ ಬಂಡುಕೋರರ ವಜ್ರವನ್ನಷ್ಟೇ ಲಕ್ಷಿಸುತ್ತದೆ. ಕೂಲಿಯವನ ಬವಣೆ, ಕೆಡುವ ನೆಲ ಅದರ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಇದಕ್ಕೆ ಉತ್ತರವೇ? 1954ರಲ್ಲಿ ಅಮೆರಿಕದಲ್ಲಿ ಸಾಧಿತವಾದ ಈ ವಿದ್ಯೆ ಇಂದು ಸೂರತ್ತಿನಲ್ಲಿ ಉದ್ಯಮವಾಗಿದೆ. ಅದು ನಕಲಿಯಲ್ಲ, ಅದೇ ಇಂಗಾಲ, ಅದೇ ಜೋಡಣೆ. ಬರಿಗಣ್ಣಿಗೂ ಸಾಮಾನ್ಯ ಪರೀಕ್ಷಕ ಉಪಕರಣಕ್ಕೂ ವ್ಯತ್ಯಾಸ ತಿಳಿಯದು. ಬೆಲೆ ಬಹಳ ಕಡಿಮೆ, ಮತ್ತೂ ಇಳಿಯುತ್ತಿದೆ. ಆದುದರಿಂದ ಮರುಮಾರಾಟದ ಆಸೆಯಿಂದ ಅದನ್ನು ಕೊಳ್ಳುವುದು ತಪ್ಪು. ವಿದ್ಯುತ್ತನ್ನು ಅಪಾರವಾಗಿ ಬೇಡುವುದರಿಂದ ಪೂರ್ಣ ಅಹಿಂಸಕವೂ ಅಲ್ಲ. ಆದರೂ ತೊಡುವುದಕ್ಕಾಗಿ ಕೊಳ್ಳುವವರಿಗೆ ಅದು ಕೀಳೆಂಬ ಭಾವನೆ ಅಕಾರಣವೆಂದೇ ನಾನು ತಿಳಿಯುತ್ತೇನೆ. ಎಲ್ಲಕ್ಕಿಂತ ಕಡಿಮೆ ಹಿಂಸೆಯದು ಮಾತ್ರ ಮೂರನೆಯ ದಾರಿ: ಈಗಾಗಲೇ ಅಗೆದು, ಪೆಟ್ಟಿಗೆಯಲ್ಲಿ ಮಲಗಿರುವ ಕಲ್ಲನ್ನು ಮತ್ತೆ ತೊಡುವುದು.

ಸಮಂತಭದ್ರಾಚಾರ್ಯರು ಶ್ರಾವಕರ ಆಚಾರವನ್ನು ಹೇಳಿದ ಗ್ರಂಥಕ್ಕೆ ರತ್ನಕರಂಡಕ, ಎಂದರೆ ರತ್ನಗಳ ಭರಣಿ ಎಂಬ ಹೆಸರಿದೆ. ಭರಣಿಯೊಳಗಿರುವುದು ಸಮ್ಯಗ್ದರ್ಶನ, ಜ್ಞಾನ, ಚಾರಿತ್ರಗಳೆಂಬ ರತ್ನತ್ರಯ. ಆದರೆ ಗೃಹಸ್ಥನು ಒಡವೆಯನ್ನೇ ತೊರೆಯಬೇಕೆಂದು ಆ ಗ್ರಂಥ ವಿಧಿಸುವುದಿಲ್ಲ. ಪರಿಗ್ರಹಕ್ಕೆ ಪರಿಮಾಣವನ್ನು ತಾನೇ ಗೊತ್ತುಮಾಡಿಕೊಂಡು ಅದರಾಚೆ ಬಯಸದಿರುವುದು ಅವನ ಅಣುವ್ರತ. ‘ಎಷ್ಟು ದೊಡ್ಡ ಕಲ್ಲು’ ಎಂಬ ಪ್ರಶ್ನೆಗೆ ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಉತ್ತರ ಹುಡುಕುವುದೇ ಇಂದಿನ ಪರಿಮಿತ ಪರಿಗ್ರಹ.

ವಜ್ರ ಶಾಶ್ವತ ಎಂಬ ಪ್ರಚಾರವೂ 1947ರಲ್ಲಿ ಜಾಹೀರಾತಿಗಾಗಿ ಹುಟ್ಟಿದ ಮಾತು. 18ನೆಯ ಶತಮಾನದಲ್ಲೇ ಲವಾಸಿಯೆ ವಜ್ರ ಉರಿಯುತ್ತದೆಂದು ತೋರಿಸಿದನು. 1797ರಲ್ಲಿ ಸ್ಮಿತ್ಸನ್ ಟೆನಂಟ್ ಅದು ಬರಿಯ ಇಂಗಾಲವೆಂದು ಸಾಧಿಸಿದನು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ. ಆದಿಪುರಾಣದ ನೀಲಾಂಜನೆಯ ನೃತ್ಯ ನಮಗೆ ಕಲಿಸಿದ್ದೂ ಅದನ್ನೇ. ಓದಿದವರಿಗೆ ಜಾಹೀರಾತಿನಿಂದ ನಿತ್ಯತ್ವವನ್ನು ಕಲಿಯುವ ಅಗತ್ಯವಿಲ್ಲ.

ಓಲೆಭಾಗ್ಯ

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ.

ಕನ್ನಡದಲ್ಲಿ ‘ಓಲೆಭಾಗ್ಯ’ ಎಂಬ ಪದವಿದೆ. ಅದರ ಅರ್ಥ ಓಲೆಯಿರುವ ಭಾಗ್ಯವಲ್ಲ, ಗಂಡನಿರುವ ಭಾಗ್ಯ. ಗಂಡ ಸತ್ತ ದಿನ ಬಳೆ, ಕುಂಕುಮಗಳ ಜೊತೆಗೆ ಓಲೆಯೂ ಹೋಗಬೇಕೆಂಬ ರೂಢಿ ಅನೇಕ ಜಾತಿಗಳಲ್ಲಿದ್ದಂತೆ ನಮ್ಮ ಸಮಾಜದ ಮನೆಗಳಲ್ಲಿಯೂ ಇತ್ತು, ಎಷ್ಟೋ ಕಡೆ ಇಂದಿಗೂ ಇದೆ. ಕಿವಿ ಹೆಣ್ಣಿನದು, ಓಲೆ ಬಹುಮಟ್ಟಿಗೆ ಅವಳ ತವರಿನದು. ಅದನ್ನು ಇಟ್ಟುಕೊಳ್ಳುವ ಹಕ್ಕು ಮಾತ್ರ ಗಂಡನ ಆಯುಷ್ಯಕ್ಕೆ ಕಟ್ಟುಬಿದ್ದಿದೆ.

ಇದನ್ನು ಸಮರ್ಥಿಸುವವರು ಜೈನಧರ್ಮ ತ್ಯಾಗಪ್ರಧಾನವಲ್ಲವೆ ಎನ್ನುತ್ತಾರೆ. ದಿಗಂಬರ ಬಸದಿಗಳಲ್ಲಿ ಜಿನಬಿಂಬ ನಿರಾಭರಣವಾಗಿರುತ್ತದೆ, ಪಕ್ಕದ ಯಕ್ಷಯಕ್ಷಿಯರು ಸಾಲಂಕೃತರಾಗಿರುತ್ತಾರೆ; ನಮ್ಮೂರಿನ ಹೊರಗಿನ ಮಂದರಗಿರಿಗೋ ಗುಬ್ಬಿ ತಾಲೂಕಿನ ನಿಟ್ಟೂರಿನ ಹೊಯ್ಸಳಕಾಲದ ಬಸದಿಗೋ ಹೋಗುವ ವಿದ್ಯಾರ್ಥಿಗಳು ಈ ಅಂತರವನ್ನು ಗಮನಿಸಬೇಕು. ಆ ಬಿಂಬದ ನಿರಾಭರಣತೆ ಸ್ವಂತ ವೈರಾಗ್ಯದ ಫಲ. ಜಿನನ ಒಡವೆಯನ್ನು ಯಾರೂ ಕಳಚಿಸಲಿಲ್ಲ. ದೀಕ್ಷೆ ಪಡೆದ ಆರ್ಯಿಕೆ ಒಡವೆ ತೊರೆಯುವುದು ವ್ರತ; ಗೃಹಿಣಿಯೊಬ್ಬಳಿಂದ ಶೋಕದ ದಿನ ನೆರೆದವರು ಒಡವೆ ಬಿಚ್ಚಿಸುವುದು ದಂಡ. ಎರಡಕ್ಕೂ ‘ತ್ಯಾಗ’ವೆಂಬ ಒಂದೇ ಹೆಸರನ್ನು ಕೊಡುವುದು ತ್ಯಾಗಕ್ಕೇ ಅವಮಾನ. 941ರಲ್ಲಿ ಪಂಪನು ಹೇಳಿದ ಕಥೆಯ ಕರ್ಣನು ಹುಟ್ಟಿನೊಡನೆ ಬಂದ ಕುಂಡಲವನ್ನು ಇಂದ್ರನಿಗೆ ಕೊಟ್ಟನು. ಅದು ದಾನವೆನಿಸಿದ್ದು ಕೊಡದಿರುವ ಸ್ವಾತಂತ್ರ್ಯ ಅವನಿಗಿದ್ದುದರಿಂದ.

ನಮ್ಮ ಚರಿತ್ರೆಯಲ್ಲಿ ಇದಕ್ಕಿಂತ ಹತ್ತಿರದ ನಿದರ್ಶನವಿದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ, ಗುಂಡಮಬ್ಬೆಯರೆಂಬ ಅಕ್ಕತಂಗಿಯರು ಚಾಲುಕ್ಯರ ದಂಡನಾಯಕ ನಾಗದೇವನನ್ನು ವರಿಸಿದ್ದರು. ಅವನು ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು, ಅತ್ತಿಮಬ್ಬೆ ಬದುಕಿದಳು. ಬದುಕಿ ಮಗನನ್ನು ಬೆಳೆಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು, ಸಾವಿರದೈನೂರು ಜಿನಪ್ರತಿಮೆಗಳನ್ನು ಮಾಡಿಸಿ ದಾನಕೊಟ್ಟಳು, 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಸಿದಳು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಆ ಸಾವಿರ ಪ್ರತಿಗಳು ಯಾವುದರ ಮೇಲೆ ಬರೆದವು? ಓಲೆಯ ಮೇಲೆ. ಗಂಡನಿಲ್ಲದ ಹೆಣ್ಣಿಗೆ ಓಲೆಯಿಲ್ಲ ಎಂಬ ಮಾತನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿಯಾದವನು ಹೇಗೆ ತಾನೇ ಉಚ್ಚರಿಸಬಲ್ಲ? ಗಂಡನಿಲ್ಲದ ಹೆಣ್ಣೊಬ್ಬಳ ಓಲೆಗಳಿಂದಲೇ ನಮ್ಮ ಪರಂಪರೆ ಉಳಿದಿದೆ.

ಮೂಡಬಿದಿರೆಯ ಸಿದ್ಧಾಂತ ದರ್ಶನವನ್ನು ಕಂಡವರಿಗೆ ಇನ್ನೊಂದು ಮಾತು ನೆನಪಾಗಬೇಕು. ಅಲ್ಲಿ ರತ್ನಪ್ರತಿಮೆಗಳ ಖ್ಯಾತಿಯ ಜೊತೆಗೇ ಧವಲ, ಜಯಧವಲ, ಮಹಾಧವಲಗಳ ತಾಳೆಯೋಲೆಗಳ ಖ್ಯಾತಿಯೂ ಸೇರಿದೆ. ಮಹಾಧವಲದ ಪ್ರತಿಯನ್ನು ಶ್ರೀಪಂಚಮೀ ವ್ರತದ ಉದ್ಯಾಪನೆಯಲ್ಲಿ ಮಾಘನಂದಿಮುನಿಗಳಿಗೆ ಬರೆಸಿ ಕೊಟ್ಟವಳು ಮಲ್ಲಿಕಬ್ಬೆ. ರತ್ನ ಮತ್ತು ಓಲೆ ಎರಡೂ ಒಂದೇ ಭಂಡಾರದಲ್ಲಿ ಸೇರಿರುವ ಆ ತಾಣದಲ್ಲಿ ಯಾವುದು ಹೆಚ್ಚು ಬೆಲೆಯದೆಂದು ಯಾವ ಶ್ರಾವಕನೂ ಅನುಮಾನಿಸಿಲ್ಲ.

ಆದುದರಿಂದ ನನ್ನ ಅಭಿಪ್ರಾಯ ಇದು: ಗಂಡನ ಸಾವಿನೊಂದಿಗೆ ಕಳಚಬೇಕೆಂಬ ನಿಬಂಧನೆಯುಳ್ಳ ಓಲೆ ಎಷ್ಟೇ ಕ್ಯಾರೆಟ್ಟಿನದಾದರೂ ಅಭಿಜಾತವಲ್ಲ. ಮದುಮಗಳಿಗೆ ಓಲೆ ಕೊಡಿಸುವ ಹಿರಿಯರು ಕಲ್ಲಿನ ಪ್ರಮಾಣಪತ್ರದ ಜೊತೆಗೆ ಈ ಒಂದು ಮಾತನ್ನೂ ಕೊಡಬೇಕು: ಇದು ನಿನ್ನ ಕಿವಿಗೆ ಕೊಟ್ಟದ್ದು, ಯಾರ ಆಯುಷ್ಯಕ್ಕೂ ಕೊಟ್ಟದ್ದಲ್ಲ. ಈ ಮಾತನ್ನು ಮದುವೆಯ ದಿನ ಆಡುವುದು ಅಶುಭವೆನ್ನುವವರಿದ್ದಾರೆ. ಆಡದೆ ಉಳಿಸಿದ್ದರಿಂದ ನಮ್ಮ ಮನೆಗಳಲ್ಲಿ ಎಷ್ಟು ಶುಭವಾಗಿದೆ ಎಂದು ಅವರೇ ಲೆಕ್ಕ ಹಾಕಲಿ.

ಉಪ್ಪಾರಹಳ್ಳಿಗೆ ಮರಳಿ

ಉಪ್ಪಾರಹಳ್ಳಿಯ ಹೆಸರಿನಲ್ಲಿ ನೆಲದ ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ಉಪ್ಪಾರರ ಕಸುಬಿದೆ. ಉಪ್ಪೂ ಹರಳೇ, ವಜ್ರವೂ ಹರಳೇ. ಒಂದಿಲ್ಲದೆ ಯಾರ ಮನೆಯೂ ನಡೆಯದು, ಇನ್ನೊಂದಿಲ್ಲದೆ ಎಲ್ಲರ ಮನೆಯೂ ನಡೆಯುತ್ತದೆ. ಆ ಊರಿನ ಮನೆಯಲ್ಲಿ ಕುಳಿತು ವಜ್ರದ ಮಾತಾಡುವಾಗ ಈ ಪ್ರಮಾಣಬುದ್ಧಿ ಇರಬೇಕೆಂದು, ಹದಿನೈದು ದಿನಗಳ ಬಳಿಕ ಮತ್ತೆ ಹೋದಾಗ ಮೊಮ್ಮಗಳಿಗೆ ಹೇಳಿದೆ. ಮೇಲಿನ ವಿಚಾರಗಳನ್ನೂ ಒಂದೊಂದಾಗಿ ವಿವರಿಸಿದೆ. ಆಮೇ‍ಲೆ, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. “ಅತ್ತಿಗೆ, ನೀವೇನು ಹೇಳುತ್ತೀರಿ?” ಎಂದು ಕೇಳಿದೆ.

“ಬೆಂಡೋಲೆ ಅವಳೇ ಇಟ್ಟುಕೊಳ್ಳಲಿ. ನನಗಿನ್ನು ಅಷ್ಟು ಭಾರ ಬೇಡ” ಎಂದರು. “ಹಾಗಾದರೆ ನಿಮಗೆ?” ಎಂದದ್ದಕ್ಕೆ ಉತ್ತರ ಬರಲಿಲ್ಲ. ಮೊಮ್ಮಗಳು ಹತ್ತಿರ ಹೋಗಿ, “ಅಜ್ಜಿ, ತೂತು ಮುಚ್ಚಿಹೋಗಿದೆಯೇನೋ ನೋಡೋಣ” ಎಂದು ಸೆರಗು ಸರಿಸಿದಳು. ಎರಡೂ ಕಿವಿಗಳಲ್ಲಿ ಸಣ್ಣ ಬೇವಿನ ಕಡ್ಡಿಗಳಿದ್ದವು. ಕಿವಿ ಚುಚ್ಚಿದ ಮಕ್ಕಳಿಗೆ ತೂತು ಮುಚ್ಚದಿರಲೆಂದು ಇಡುವಂಥವು. 19 ವರ್ಷ ಅವರು ಕಡ್ಡಿಗಳನ್ನು ಬದಲಾಯಿಸುತ್ತ ಬಂದಿದ್ದರು. ಒಂದೇ ಸೂರಿನಡಿ ಇದ್ದವರು ಯಾರೂ ನೋಡಿರಲಿಲ್ಲ. ‘ಓಲೆ’ ಪದದ ನಿಷ್ಪತ್ತಿಯನ್ನು ಬಲ್ಲೆನೆಂದುಕೊಂಡಿದ್ದ ನಾನೂ ನೋಡಿರಲಿಲ್ಲ.

ಮೊಮ್ಮಗಳು ಒಂದೊಂದು ಕ್ಯಾರೆಟ್ಟಿನ ದೊಡ್ಡ ಜೋಡಿಯನ್ನು ಕೈಬಿಟ್ಟಳು. ಅದಕ್ಕೆಂದಿಟ್ಟ ಹಣದಲ್ಲಿ ಅರ್ಧರ್ಧ ಕ್ಯಾರೆಟ್ಟಿನ, ಚಿನ್ನದ ಅಂಚು ಕಟ್ಟಿದ, ತಿರುಪಿನ ಎರಡು ಜೋಡಿಗಳು ಬಂದವು. ಉಳಿದ ಹಣದಲ್ಲಿ ಹಳೆಯ ಬೆಂಡೋಲೆಯನ್ನು ಬಿಚ್ಚಿ ಶುಚಿಗೊಳಿಸಿ ಕಟ್ಟಿಸಿದ್ದಾಯಿತು. ಮದುವೆಯ ದಿನ ಅವಳ ಕಿವಿಯಲ್ಲಿ ಬೆಂಡೋಲೆಯಿತ್ತು. ಒಂಟಿಕಲ್ಲಿನ ಒಂದು ಜೋಡಿ ಅವಳ ನಿತ್ಯದ ಬಳಕೆಗೆ. ಇನ್ನೊಂದನ್ನು ಅತ್ತಿಗೆಯವರು ತೊಟ್ಟರು. ಬಂದ ನೆಂಟರಲ್ಲಿ ಕೆಲವರು ತಮ್ಮತಮ್ಮಲ್ಲಿ ಏನೋ ಅಂದುಕೊಂಡರು. ಅತ್ತಿಗೆಯವರಿಗೆ ಕೇಳಿಸಿರಬೇಕು, ಅವರು ಸೆರಗನ್ನು ಕಿವಿಯ ಮೇಲೆ ಎಳೆದುಕೊಳ್ಳಲಿಲ್ಲ.